ಐವತ್ಮೂರು ಮತಗಳ ಸಾಹೇಬರು

ಕೆಲವರಿಗೆ ಕೊಡೆ ಮರೆತ ದಿನವೇ ಮಳೆ ಬರುತ್ತದೆ. ನನಗೆ ಹಾಗಲ್ಲ. ಹತ್ತೊಂಬತ್ತು ವರ್ಷ, ಕೊಡೆ ಇರಲಿ ಬಿಡಲಿ, ದಿನಾ ಬೆಳಗ್ಗೆ ಒಂಬತ್ತಕ್ಕೆ ಸಾಹೇಬರು ಬರುತ್ತಿದ್ದರು.

ಈಗ ನಿವೃತ್ತನಾಗಿದ್ದೇನೆ. ಎಂಟು ಗಂಟೆಯವರೆಗೆ ಮಲಗುತ್ತೇನೆ, ಯಾರ ಈಮೇಲಿಗೂ ಉತ್ತರ ಬರೆಯುವುದಿಲ್ಲ, ಪರಮಸುಖಿ. ಆದರೂ ಅವರನ್ನು ನೆನೆದರೆ ಈ ಸುಖದ ಮಧ್ಯೆಯೂ ಮೈಯೆಲ್ಲ ದಣಿಯುತ್ತದೆ. ಹೆಂಡತಿ ಕೇಳುತ್ತಾಳೆ, "ಮಂಡಿ ನೋವೇನ್ರೀ?" ಅಲ್ಲ ಕಣೇ, ನೆನಪು.

ಸಾಹೇಬರು ಅಪ್ಪಟ ಬ್ರಿಟಿಷರು. ತಮ್ಮ ದೇಶದ ಪಾರ್ಲಿಮೆಂಟಿಗೆ ಎರಡು ಸಲ ಗೆದ್ದವರು. ಕೆಲವು ತಿಂಗಳು ಯಾವುದೋ ಖಾತೆಗೆ ಉಪಮಂತ್ರಿಯೂ ಆಗಿದ್ದರು. ಅದು ಮೀನಿನ ಖಾತೆಯೋ ಚರಂಡಿಯದೋ, ಅವರೇ ಒಂದೊಂದು ಸಲ ಒಂದೊಂದು ಹೇಳುತ್ತಿದ್ದರು. ಮೂರನೆಯ ಸಲ ಐವತ್ಮೂರು ಮತಗಳಿಂದ ಸೋತರು. ಸೋತ ರಾಜಕಾರಣಿ ನಮ್ಮಲ್ಲಾದರೆ ಮುಂದಿನ ಚುನಾವಣೆಗೆ ಕಾಯುತ್ತಾನೆ; ಇವರು ವ್ಯಾಪಾರಕ್ಕಿಳಿದರು. ಮಾವನದು ನೀರಿನ ಪೈಪುಗಳಿಗೆ ವಾಲ್ವ್ ಮಾಡುವ ಕಂಪನಿ. ಅದರ ಅಮೆರಿಕದ ಶಾಖೆಗೆ ಯಜಮಾನರಾಗಿ ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜಿಗೆ ಬಂದರು. ನಾನು ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿ ಅಲ್ಲಿ ಸೇರಿಕೊಂಡವನು. ವಾಲ್ವ್ ಅಂದರೇನು ಅಂತ ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಆದ್ದರಿಂದ ಅವರು ಯಜಮಾನರಾದರು, ನಾನು ಅವರ ಪಕ್ಕದ ಕುರ್ಚಿಯವನಾದೆ.

ಅವರಿಗಿದ್ದದ್ದು ಒಂದೇ ಆಸೆ. "ಸಾಯೋದರೊಳಗೆ ಇನ್ನೊಂದೇ ಒಂದು ಚುನಾವಣೆ ಗೆಲ್ಲಬೇಕು ಕಣಯ್ಯಾ. ಯಾವುದಾದರೂ ಸರಿ." ಅವರು ಹೇಳುತ್ತಿದ್ದದ್ದು ಇಂಗ್ಲಿಷಿನಲ್ಲಿ. 'ಕಣಯ್ಯಾ' ಅನ್ನುವುದು ನಾನು ಸೇರಿಸಿದ್ದು. ಆ ದನಿಗೆ ಅದಿಲ್ಲದಿದ್ದರೆ ಅನ್ಯಾಯವಾಗುತ್ತದೆ.

೧. ಎಷ್ಟು ಕಾಲವಾಯಿತು ಇಲ್ಲಿ?

ಬಂದ ಮೊದಲ ದಿನವೇ ಸಾಹೇಬರು ಫ್ಯಾಕ್ಟರಿಯಲ್ಲಿ ಎಲ್ಲರ ಕೈ ಕುಲುಕಿದರು. ಒಂದು ಕೈಯಿಂದ ಕೈ, ಇನ್ನೊಂದರಿಂದ ಮೊಣಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, "ಎಷ್ಟು ಕಾಲವಾಯಿತು ಇಲ್ಲಿ?" ಎಂದು ಕೇಳುವುದು. ಉತ್ತರ ಏನೇ ಬಂದರೂ "ಭೇಷ್, ಭೇಷ್!" ಎಂದು ಮುಂದಿನ ಕೈಗೆ ಹೋಗುವುದು. ಬೆಂಕಿ ಸುರಕ್ಷತೆ ಪರೀಕ್ಷಿಸಲು ಬಂದಿದ್ದ ಇನ್ಸ್‌ಪೆಕ್ಟರ್ ಕೈಯನ್ನೂ ಬಿಡಲಿಲ್ಲ. ಆತ "ಎರಡು ಗಂಟೆ ಆಯಿತು, ಯಾರೂ ವಿಚಾರಿಸಲೇ ಇಲ್ಲ" ಅಂದ. "ಭೇಷ್, ಭೇಷ್!"

ನನ್ನ ಕೈಯನ್ನು ಅವತ್ತು ಮೂರು ಕಡೆ ಕುಲುಕಿದರು. ನಕ್ಷೆ ಬಿಡಿಸುವ ಡ್ರಾಯಿಂಗ್ ರೂಮಿನಲ್ಲಿ "ಹನ್ನೊಂದು ವರ್ಷ ಸಾರ್" ಅಂದೆ. ಕ್ಯಾಂಟೀನಿನಲ್ಲಿ ಮತ್ತೆ ಹನ್ನೊಂದು ವರ್ಷ ಅಂದೆ. ಸಂಜೆ ಪಾರ್ಕಿಂಗ್ ಲಾಟಿನಲ್ಲಿ ಮೂರನೆಯ ಸಲ ಮೊಣಕೈ ಹಿಡಿದಾಗ ನನಗೂ ಸಾಕಾಗಿತ್ತು. "ಬೆಳಗ್ಗೆಯಿಂದ ಸಾರ್" ಅಂದೆ.

ಸಾಹೇಬರ ಕಣ್ಣು ತುಂಬಿ ಬಂತು. "ಮೊದಲನೇ ದಿನವೇ ಇಷ್ಟು ಹೊತ್ತು ಕೆಲಸವೇ! ನಾಳೆ ಬೇಗ ಮನೆಗೆ ಹೋಗಿ."

೨. ವಾಲ್ವ್ ಯಾವಾಗ ಬರುತ್ತದೆ?

ನಮ್ಮ ದೊಡ್ಡ ಗಿರಾಕಿಯೊಬ್ಬರು, ಊರಿನ ನೀರು ಸರಬರಾಜಿನವರು, ಒಂದು ದಿನ ಕೆಂಪಗಾಗಿ ಬಂದು ಕೂತರು. "ಆರು ವಾರದ ಹಿಂದೆ ಬರಬೇಕಿತ್ತು. ವಾಲ್ವ್ ಯಾವಾಗ ಬರುತ್ತದೆ?"

ಸಾಹೇಬರು ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು. "ಈ ಪ್ರಶ್ನೆಯನ್ನು ನೀವು ಕೇಳಿದ್ದು ನನಗೆ ಬಹಳ ಸಂತೋಷ" ಎಂದು ಶುರುಮಾಡಿದರು. ನೀರು ಎಂದರೆ ಜೀವ ಅಂದರು. ತಮ್ಮ ಅಜ್ಜಿಯ ಹಿತ್ತಲಿನ ಸೇಬಿನ ಮರ ಬಂತು, ಅದು ಹಣ್ಣು ಬಿಡಲು ತೆಗೆದುಕೊಂಡ ವರ್ಷಗಳು ಬಂದವು. ಹಿಂದಿನವರು ಮಾಡಿಟ್ಟುಹೋದ ಅವ್ಯವಸ್ಥೆ ಬಂತು. ಆ ಹಿಂದಿನವರು ಅವರ ಮಾವನೇ ಎನ್ನುವುದು ಬರಲಿಲ್ಲ. ಕೊನೆಗೆ ಎರಡೂ ಕೈ ಚಾಚಿ ನಿಂತರು. ಗಿರಾಕಿ ಚಪ್ಪಾಳೆ ತಟ್ಟಿದರು, ಕೈ ಕುಲುಕಿದರು, ಸಂತೋಷದಿಂದ ಹೊರಟುಹೋದರು.

ಹತ್ತು ನಿಮಿಷಕ್ಕೆ ನನ್ನ ಫೋನು. ಅದೇ ಗಿರಾಕಿ, ಕಾರಿನಿಂದ ಮಾತಾಡುತ್ತಿದ್ದರು. "ಅಲ್ಲಾ, ವಾಲ್ವ್ ಯಾವಾಗ ಬರುತ್ತೆ?"

"ಇನ್ನೂ ನಾಲ್ಕು ವಾರ ಆಗುತ್ತೆ ಸಾರ್."

"ಇದನ್ನ ಅವರು ಹೇಳಲೇ ಇಲ್ಲವಲ್ಲ!"

"ಹೇಳಿದರು ಸಾರ್. ಅಜ್ಜಿಯ ಸೇಬಿನ ಮರ ಹಣ್ಣು ಬಿಡೋಕೆ ವರ್ಷಗಟ್ಟಲೆ ತಗೊಂಡಿತಲ್ಲ, ಅಲ್ಲಿ."

೩. ಹೋಳಿಗೆ

ಒಂದು ಯುಗಾದಿಗೆ ಸಾಹೇಬರನ್ನು ಮನೆಗೆ ಊಟಕ್ಕೆ ಕರೆದೆ. ಇದು ನನ್ನ ಜೀವನದ ದೊಡ್ಡ ತಪ್ಪುಗಳಲ್ಲಿ ಎರಡನೆಯದು. ಮೊದಲನೆಯದು ಮುಂದೆ ಬರುತ್ತದೆ.

ನನ್ನ ಹೆಂಡತಿ ಧಾರವಾಡದವಳು. ಅವಳ ತವರಿನ ಪದ್ಧತಿಯಲ್ಲಿ ಅತಿಥಿ ಮೂರು ಸಲ "ಸಾಕು" ಅನ್ನುವವರೆಗೆ ಬಡಿಸುತ್ತಲೇ ಇರಬೇಕು. ಮೊದಲನೆಯ "ಸಾಕು" ನಾಚಿಕೆಯದು, ಎರಡನೆಯದು ಮರ್ಯಾದೆಯದು, ಮೂರನೆಯದೇ ನಿಜವಾದದ್ದು. ಸಾಹೇಬರದು ಇನ್ನೊಂದು ಪದ್ಧತಿ. ಮತದಾರರ ಮನೆಯಲ್ಲಿ ಕೊಟ್ಟದ್ದನ್ನು ಬೇಡ ಎಂದರೆ ಒಂದು ವೋಟು ಹೋಯಿತು ಎಂದು ನಲವತ್ತು ವರ್ಷ ಅಭ್ಯಾಸ ಮಾಡಿದವರು. ಅವರ ಬಾಯಿಗೆ 'ಬೇಡ' ಅನ್ನುವುದೇ ಬರುವುದಿಲ್ಲ.

ಅವರು ಬೇಡ ಅನ್ನುವವರಲ್ಲ, ಇವಳು ನಿಲ್ಲಿಸುವವಳಲ್ಲ. ಎರಡು ಹೋಳಿಗೆ ಆಯಿತು, ನಾಲ್ಕಾಯಿತು. ಪ್ರತಿಯೊಂದಕ್ಕೂ ತುಪ್ಪ. ನಾನು ನಡುವೆ ಬಾಯಿ ಹಾಕಿ, "ಸಾರ್, ನೀವು ಸಾಕು ಅನ್ನಬಹುದು" ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದೆ.

"ಏನಂತಾರ?" ಅಂದಳು ಹೆಂಡತಿ.

"ಏನಿಲ್ಲ ಕಣೇ."

"ನಾಚಿಕೊಳ್ಳಾಕ್ಹತ್ಯಾರ, ಪಾಪ" ಅಂತ ಐದನೆಯದನ್ನು ಹಾಕಿದಳು. ಎಂಟನೆಯದಕ್ಕೆ ಸಾಹೇಬರ ಹಣೆಯಲ್ಲಿ ಬೆವರು. ಕಾರಿನವರೆಗೆ ನಾನೇ ತೋಳು ಹಿಡಿದು ನಡೆಸಿದೆ.

ಎರಡು ದಿನ ಆಫೀಸಿಗೆ ಬರಲಿಲ್ಲ. ಮೂರನೆಯ ದಿನ ಬಂದವರು ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದರು: "ನನ್ನ ರಾಜಕೀಯ ಜೀವನದಲ್ಲಿ ಇಷ್ಟು ಗಟ್ಟಿಯಾದ ವಿರೋಧ ಪಕ್ಷವನ್ನು ನಾನು ನೋಡಿರಲಿಲ್ಲ."

೪. ಹೋಬೋಕನ್ ಫೆರ್ರಿ

ಮ್ಯಾನ್‌ಹಟನ್‌ನಲ್ಲಿ ಮೀಟಿಂಗ್ ಇದ್ದಾಗಲೆಲ್ಲ ಹೋಬೋಕನ್‌ವರೆಗೆ ನಾನು ಡ್ರೈವ್ ಮಾಡುತ್ತಿದ್ದೆ, ಅಲ್ಲಿಂದ ನದಿ ದಾಟಿಸುವ ಫೆರ್ರಿ ದೋಣಿ. ಎಂಟೇ ನಿಮಿಷದ ಹಾದಿ. ಆ ಎಂಟು ನಿಮಿಷದಲ್ಲಿ ಅವರು ಮೇಲಿನ ಡೆಕ್ಕು, ಕೆಳಗಿನ ಡೆಕ್ಕು ಎರಡನ್ನೂ ಮುಗಿಸುತ್ತಿದ್ದರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ ಹುಡುಗಿಯರ ಕೈಯನ್ನೂ ಕುಲುಕುವುದು, "ಎಷ್ಟು ಕಾಲವಾಯಿತು ಇಲ್ಲಿ?" ಸಾಹೇಬರ ಬ್ಯಾಗು ಹಿಡಿದುಕೊಂಡು ಹಿಂದೆ ನಾನು, "ಸಾರಿ, ಸಾರಿ" ಅಂತ.

ಒಂದು ದಿನ ನಾನು ಕೇಳಿಯೇಬಿಟ್ಟೆ. "ಸಾರ್, ಇಲ್ಲಿ ನೀವು ಬರೀ ಗ್ರೀನ್ ಕಾರ್ಡಿನವರು. ಯಾವ ಚುನಾವಣೆಗೂ ನಿಲ್ಲುವ ಹಾಗಿಲ್ಲ. ಯಾಕೆ ಸಾರ್ ಇದೆಲ್ಲ?"

ಕಂಬಿ ಹಿಡಿದು ನದಿ ನೋಡುತ್ತಾ ನಿಂತರು. "ಐವತ್ಮೂರು ಮತ. ಯಾಕೆ ಸೋತೆ ಗೊತ್ತೇ? ಒಂದು ಬೀದಿ ಬಿಟ್ಟಿದ್ದೆ. ಅವರೆಲ್ಲ ನಮ್ಮವರೇ, ಕೇಳುವುದೇನು ಅಂದುಕೊಂಡೆ. ನಾನು ಬಾಗಿಲು ತಟ್ಟಲಿಲ್ಲ, ಅವರು ಮತಗಟ್ಟೆಗೆ ಬರಲಿಲ್ಲ."

ಅಷ್ಟರಲ್ಲಿ ಟೈ ಕಟ್ಟಿದ ಅಮೆರಿಕನ್ನನೊಬ್ಬ ಬಂದು, "ಆಗಲೇ ಕೈ ಕುಲುಕಿದಿರಲ್ಲ, ಯಾವ ಹುದ್ದೆಗೆ ನಿಂತಿದ್ದೀರಿ?" ಎಂದು ಕೇಳಿದ.

"ಯಾವುದಕ್ಕೂ ಇಲ್ಲ" ಅಂದರು ಸಾಹೇಬರು.

"ಹಾಗಾದರೆ ನನ್ನ ವೋಟು ನಿಮಗೇ" ಅಂದ ಆತ.

೫. ನಲವತ್ತೇಳನೆಯ ಮನೆ

ಈಗ ಮೊದಲನೆಯ ತಪ್ಪು. ನಾನು ನಿವೃತ್ತನಾಗುವ ದಿನ ಸಾಹೇಬರಿಗೆ, "ಮಾನ್ಮತ್ ಜಂಕ್ಷನ್‌ನಲ್ಲಿ ನಮ್ಮ ಕಾಲೊನಿಯಲ್ಲಿ ಹೆಚ್ಚಿನವರು ನಮ್ಮ ಕಡೆಯವರೇ, ಬಹಳ ಪ್ರಶಾಂತ ಸಾರ್" ಎಂದು ಬಾಯಿಮಾತಿಗೆ ಹೇಳಿದ್ದೆ. ಅವರೂ ಆ ವರ್ಷವೇ ಕಂಪನಿ ಬಿಟ್ಟರು. ಆರು ತಿಂಗಳಿಗೆ ನಮ್ಮ ಎದುರು ಮನೆ ಮಾರಾಟಕ್ಕೆ ಬಂತು. ಯಾರು ಕೊಂಡರು ಅಂತ ಬೇರೆ ಹೇಳಬೇಕೇ?

ಬಂದ ವಾರವೇ ಅವರಿಗೆ ಒಂದು ಕಾಗದ ಸಿಕ್ಕಿತು: ಕಾಲೊನಿಯ ಮನೆ ಮಾಲೀಕರ ಸಂಘದ ಅಧ್ಯಕ್ಷರ ಚುನಾವಣೆ. ಪೌರತ್ವ ಬೇಕಿಲ್ಲ, ಸ್ವಂತ ಮನೆ ಇದ್ದರೆ ಸಾಕು. ಬೆಳಗ್ಗೆ ಎಂಟಕ್ಕೇ ನಮ್ಮ ಮನೆ ಬೆಲ್ಲು. ತಮ್ಮ ದೇಶದ ಅಭ್ಯರ್ಥಿಗಳ ಹಾಗೆ ಕೋಟಿಗೆ ಬಣ್ಣದ ರಿಬ್ಬನ್ನಿನ ಹೂವು ಚುಚ್ಚಿಕೊಂಡು ನಿಂತಿದ್ದರು. "ಬಾರಯ್ಯಾ, ಹೊರಡೋಣ. ಅರವತ್ತನಾಲ್ಕು ಮನೆ. ಈ ಸಲ ಒಂದು ಬಾಗಿಲನ್ನೂ ಬಿಡಬಾರದು." ಎಂಬತ್ತರ ಹತ್ತಿರದ ಮನುಷ್ಯ. ಕಣ್ಣಲ್ಲಿ ಇಪ್ಪತ್ತೈದರ ಬೆಳಕು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ನಾನೂ ಕೊನೆಗೆ ಅವರ ಹಾಗೇ ಆಗಿದ್ದೆ.

ಎದುರಾಳಿ, ಆಗಲೇ ಅಧ್ಯಕ್ಷೆಯಾಗಿದ್ದ ನಮ್ಮ ಡಾಕ್ಟರ್ ಆಂಟಿ. ಕಾಲೊನಿಯ ಅರ್ಧ ಮಕ್ಕಳ ಜ್ವರಕ್ಕೆ ಅರ್ಧ ರಾತ್ರಿಯಲ್ಲೂ ಫೋನೆತ್ತುವಾಕೆ.

ಮೊದಲ ಬಾಗಿಲಲ್ಲೇ ಯಾರೂ ತೆರೆಯಲಿಲ್ಲ. ಕರೆಗಂಟೆಯ ಕ್ಯಾಮೆರಾದೊಳಗಿಂದ ಒಂದು ಗಂಡು ದನಿ: "ಸೋಲಾರ್ ಬೇಡ, ಥ್ಯಾಂಕ್ಸ್."

"ನಾನು ಕಣಪ್ಪಾ, ನಲವತ್ತೇಳನೇ ಮನೆಯವನು" ಅಂದೆ.

"ಅಯ್ಯೋ ಅಂಕಲ್! ರಿಟೈರ್ ಆದ್ಮೇಲೆ ನೀವೂ ಮನೆ ಮನೆಗೆ ಸೋಲಾರ್ ಪ್ಯಾನೆಲ್ ಮಾರೋಕೆ ಶುರು ಮಾಡಿದ್ರಾ?"

ಉಳಿದ ಕಡೆ ಬಾಗಿಲು ತೆರೆಯಿತು. ಎಲ್ಲ ಕಡೆ ಒಂದೇ ಮಾತು. "ಬನ್ನಿ ಅಂಕಲ್, ಕೂತ್ಕೊಳ್ಳಿ, ಕಾಫಿ ತಗೊಳ್ಳಿ. ವೋಟಾ? ನೀವು ಕೇಳಬೇಕಾ ಅಂಕಲ್, ನಿಮಗೇ!" ಸಾಹೇಬರು ಪಟ್ಟಿಯಲ್ಲಿ 'ಖಚಿತ' ಎಂದು ಗುರುತು ಹಾಕುವರು. ಮನೆಗೆ ಬಂದವರ ಮುಖಕ್ಕೆ ನಮ್ಮವರು ಇಲ್ಲ ಅನ್ನುವುದಿಲ್ಲ, ಇದನ್ನು ಗುರುತು ಹಾಕುವಂತಿಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಐವತ್ತು ಮನೆ ಖಚಿತ. ಸಂಜೆ ಡಾಕ್ಟರ್ ಆಂಟಿ ವಾಕಿಂಗ್‌ನಲ್ಲಿ ಸಿಕ್ಕಿ ನಕ್ಕರು. "ನನಗೆ ಐವತ್ತೆರಡು ಖಚಿತ." ಅರವತ್ತನಾಲ್ಕು ಮನೆಯ ಕಾಲೊನಿಯಲ್ಲಿ ನೂರಾ ಎರಡು ಖಚಿತ ಮತ.

ಭಾನುವಾರ ಕ್ಲಬ್‌ಹೌಸಿನಲ್ಲಿ ಮತದಾನ. ಮನೆಗೊಂದು ಚೀಟಿ. ಬಂದವರು ನಲವತ್ತೆಂಟು ಮನೆಯವರು ಮತ್ತು ನಮ್ಮ ಮನೆಯವರು. ಎಣಿಸಿದ ಹೆಂಗಸು ಕನ್ನಡಕ ತೆಗೆದು, "ಇಪ್ಪತ್ನಾಲ್ಕು, ಇಪ್ಪತ್ನಾಲ್ಕು. ಸಮ" ಅಂದಳು.

ಸಾಹೇಬರು ನನ್ನ ಕಿವಿಯಲ್ಲಿ, "ನಾನು ಆ ಡಾಕ್ಟರಿಗೆ ಹಾಕಿದೆ. ತನಗೆ ತಾನೇ ಹಾಕಿಕೊಳ್ಳುವುದು ಸಭ್ಯತೆಯಲ್ಲ" ಅಂದರು. ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ. ಡಾಕ್ಟರ್ ಆಂಟಿಗೆ ಅಂಥ ಸಭ್ಯತೆ ಇದ್ದ ಲಕ್ಷಣ ಕಾಣಲಿಲ್ಲ.

"ಆದರೆ ಬಂದವರಲ್ಲಿ ಒಂದು ಮನೆ ಇನ್ನೂ ಚೀಟಿ ಹಾಕಿಲ್ಲ. ಸಭೆ ಮುಗಿಯೋವರೆಗೆ ಹಾಕಬಹುದು. ನಲವತ್ತೇಳನೇ ನಂಬರ್" ಅಂದಳು ಆ ಹೆಂಗಸು.

ಇಡೀ ಸಭೆ ನನ್ನತ್ತ ತಿರುಗಿತು. ನಾನು ಹೆಂಡತಿಯತ್ತ ತಿರುಗಿದೆ. ಮನೆ ಪತ್ರದಲ್ಲಿ ಮೊದಲ ಹೆಸರು ಅವಳದು, ಚೀಟಿ ಅವಳ ಕೈಲಿ. ಮಡಚಿ, ತೊಡೆಯ ಮೇಲಿಟ್ಟುಕೊಂಡು, ನೆಟ್ಟಗೆ ಕೂತಿದ್ದಾಳೆ.

"ಏನೇ ಇದು! ಹಾಕಲಿಲ್ವಾ?"

"ಎಲ್ಲಾರ ಮನಿಗೂ ಹೋಗಿ ಕೇಳ್ಯಾರ. ನಮ್ಮ ಮನಿ ಬಾಗಲಕ್ಕ ದಿನಾ ಬಂದ್ರು, ನಿಮ್ಮನ್ನ ಕರಕೊಂಡು ಹೋಗಾಕ. ನನ್ನ ಒಂದು ಮಾತು ಕೇಳ್ಯಾರೇನು? ಕರೀದ ಮನಿಗೆ ಹೋಗಬಾರದು, ಕೇಳದ ವೋಟು ಹಾಕಬಾರದು."

ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರ ಮುಖ ಬಿಳಿಚಿತು. "ಮತ್ತೆ ಅದೇ ಬೀದಿ" ಅಂದರು ಮೆಲ್ಲಗೆ. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು, ಎಲ್ಲರ ಎದುರಿಗೆ ಅವಳ ಕುರ್ಚಿಯವರೆಗೆ ನಡೆದು ಹೋಗಿ, ಕುರ್ಚಿಯ ಬೆನ್ನನ್ನು ಬಾಗಿಲಿನಂತೆ ಮೂರು ಸಲ ತಟ್ಟಿದರು. ತಲೆ ಬಾಗಿಸಿ, ದಯವಿಟ್ಟು ನಿಮ್ಮ ಮತ ನನಗೆ ಕೊಡಿ ಎಂದು ಕೇಳಿದರು.

"ಕೊಡ್ತೀನಿ ಅಂತ ಹೇಳ್ರಿ" ಅಂದಳು ಹೆಂಡತಿ. "ಆದ್ರ ಬರೋ ಐತವಾರ ಊಟಕ್ಕ ಬರಬೇಕು. ಆ ಯುಗಾದಿ ಆದಮ್ಯಾಲ ಏನರ ನೆಪಾ ಹೇಳಿ ತಪ್ಪಿಸ್ಕೊಳ್ಳಾಕ್ಹತ್ಯಾರ."

ಅನುವಾದಿಸಿದೆ. ಸಾಹೇಬರು ಕಣ್ಣು ಮುಚ್ಚಿದರು. ಒಂದು ಕಡೆ ಇಷ್ಟು ವರ್ಷದ ಆಸೆ, ಇನ್ನೊಂದು ಕಡೆ ಆ ಎಂಟು ಹೋಳಿಗೆ. ಕಣ್ಣು ತೆರೆದು, "ಬರುತ್ತೇನೆ" ಅಂದರು.

ಇಪ್ಪತ್ತೈದು, ಇಪ್ಪತ್ನಾಲ್ಕು. ಎಂಬತ್ತರ ಮುದುಕ ಮಗುವಿನ ಹಾಗೆ ಅತ್ತುಬಿಟ್ಟರು. ಡಾಕ್ಟರ್ ಆಂಟಿಯೇ ಟಿಶ್ಯೂ ಕೊಟ್ಟರು.

ಮುಂದಿನ ಭಾನುವಾರ ಹೇಳಿದ ಹೊತ್ತಿಗೆ ಬಂದರು, ರಿಬ್ಬನ್ನಿನ ಹೂವು ಚುಚ್ಚಿಕೊಂಡೇ. ಹೆಂಡತಿ ಎಲೆ ಹಾಕಿದಳು. "ಅಧ್ಯಕ್ಷರಾದ್ರಿ, ಇನ್ನೊಂದು ತಗೋರಿ. ಒಂದು ವೋಟಿಂದ ಗೆದ್ರಿ, ಅದಕ್ಕೊಂದು." ಒಂದು, ಮೂರು, ಆರು. ಏಳನೆಯದರ ಮೇಲೆ ತುಪ್ಪ ಬೀಳುತ್ತಿದ್ದಾಗ ಸಾಹೇಬರು ಕರವಸ್ತ್ರದಿಂದ ಹಣೆ ಒರೆಸಿಕೊಂಡು ನನ್ನತ್ತ ಬಾಗಿದರು.

"ಮರುಎಣಿಕೆ ಕೇಳಲು" ಅಂದರು ಪಿಸುದನಿಯಲ್ಲಿ, "ಇನ್ನೂ ಸಮಯ ಇದೆಯೇ?"