ಮರುಮದುವೆಗೆ ಒಣಗು ಕಡಿತ

ಮರುಮದುವೆಯಾದ ತಂದೆಯು ಮೊದಲಿನಷ್ಟು ತಂದೆಯಾಗಿ ಉಳಿಯುವುದಿಲ್ಲ ಎಂಬ ಸಂಗತಿಯು ಪಿರಿಯಾಪಟ್ಟಣದ ಮಕ್ಕಳ ಜೀವನಾಂಶ ನಿಗದಿ ಕಚೇರಿಯಲ್ಲಿ ಒಂದು ಸೋಮವಾರ ಸ್ಥಾಪಿತವಾಯಿತು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮಕ್ಕಳೂ ಇದೇ ಕಚೇರಿಯ ವ್ಯಾಪ್ತಿಗೆ ಸೇರಿದವರು.

ಅಧಿಕಾರಿ ನಂಜುಂಡೇಶ್ ಕಟ್ಟುನಿಟ್ಟಿನ ಮನುಷ್ಯ. ನಿಯಮವೆಂದರೆ ಎಲ್ಲರಿಗೂ ನಿಯಮ ಎಂಬುದು ಅವರ ನಂಬಿಕೆ. ಈ ನಂಬಿಕೆಯಿಂದ ಅವರಿಗೆ ಅಲ್ಲಿಯವರೆಗೆ ಯಾವ ತೊಂದರೆಯೂ ಆಗಿರಲಿಲ್ಲ.

ಅಂದು ಅವರ ಮುಂದೆ ನಿಂತವನು ಹೊಗೆಸೊಪ್ಪು ಬೆಳೆಯುವ ನಟರಾಜು; ಹೊಸದಾಗಿ ಎರಡನೇ ಮದುವೆಯಾದವನು. ಎದುರಿಗೆ ಅವನ ಹಳೇ ಅತ್ತೆ ಕುಳ್ಳಮ್ಮ. ಗಾರ್ಮೆಂಟ್ಸಿನಲ್ಲಿ ಮಗಳಿಗೆ ರಜೆ ಸಿಗದ ಕಾರಣ ಮೊಮ್ಮಗಳು ಚಿನ್ನುವನ್ನು ಅವಳೇ ಕರೆತಂದಿದ್ದಳು. ಫೀಸು ಕಟ್ಟುವ ತನಕ ಚಿನ್ನುವನ್ನು ಎರಡನೇ ತರಗತಿಯಲ್ಲಿ ಕೂರಿಸುವುದಿಲ್ಲವೆಂದು ಶಾಲೆಯವರು ಹೇಳಿ ಕಳಿಸಿದ್ದರು.

"ಕಟ್ಟಾಕಿಲ್ಲ ಅಂತ ನಾನಂದಿಲ್ಲ ಕಣ್ರೀ ಸಾ," ಎಂದ ನಟರಾಜು. "ಹರಾಜಲ್ಲಿ ರೇಟು ಸಿಗ್ದೆ ವಾಪಸ್ ಬಂದ ಸೊಪ್ಪಿನ ಬೇಲು ಮತ್ತೆ ಹರಾಜಿಗೋದ್ರೆ ಒಣಗಿ ತೂಕ ಕಮ್ಮಿ ಆಗಾಕಿಲ್ವಾ, ಅದ್ಕೆ ಒಣಗು ಕಡಿತ ಅಂತ ಬಿಡಾಕಿಲ್ವಾ? ಅಂಗೇ ನಾನೂವೆ. ಒಂದ್ಸಲ ಮದ್ವೆಯಾಗಿ ವಾಪಸ್ ಬಂದು, ಈಗ ಮತ್ತೆ ಆಗಿವ್ನಿ. ಒಣಗಿವ್ನಿ."

"ಒಣಗಿದ್ದೀಯೇನ್ಲಾ? ನಿನ್ನ ಒಟ್ಟೆ ನೋಡ್ಕೊಳ್ಲಾ!" ಎಂದಳು ಕುಳ್ಳಮ್ಮ.

ನಂಜುಂಡೇಶ್ ನಗಲಿಲ್ಲ. ಸೊಪ್ಪಿನ ತೂಕಕ್ಕೆ ಒಪ್ಪುವ ನ್ಯಾಯ ಮನುಷ್ಯನ ಹೊಣೆಗೆ ಯಾಕೆ ಒಪ್ಪಬಾರದು? ಮಧ್ಯಾಹ್ನದೊಳಗೆ ಪ್ರಕಟಣೆ ಹೊರಬಿತ್ತು: "ಮರುಮದುವೆಯಾದವನ ಪಿತೃಹೊಣೆಯು ಒಣಗಿದೆಯೆಂದು ಭಾವಿಸತಕ್ಕದ್ದು. ಒಣಗಿದ ಹೊಣೆಯನ್ನು ಸ್ಥಳದಲ್ಲಿ ಲಭ್ಯವಿರುವ ಒಣಗದ ಪುರುಷನಿಂದ ವಸೂಲು ಮಾಡತಕ್ಕದ್ದು."

ಸಂಜೆಯೊಳಗೆ ನಾಲ್ಕೂ ತಾಲ್ಲೂಕಿನ ಒಣಗಿದ ತಂದೆಯರು ಸಾಲು ನಿಂತರು. ಎಚ್.ಡಿ. ಕೋಟೆ ಹ್ಯಾಂಡ್‌ಪೋಸ್ಟಿನ ಚಿಕ್ಕಬೀರಯ್ಯ, ಇನ್ನೂ ಹೆಣ್ಣೇ ಗೊತ್ತಾಗದ ತನ್ನ ಮೂರನೇ ಮದುವೆಯ ಲಗ್ನಪತ್ರಿಕೆಯನ್ನು ಮುಂಗಡವಾಗಿ ಲಗತ್ತಿಸಿದ್ದ.

ಕುಳ್ಳಮ್ಮ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

"ಸಾ, ಹರಾಜು ಕಟ್ಟೆನೇ ಹತ್ತದೇ ಇರೋ ಬೇಲ್ಗೆ ಕಡಿತ ಇಲ್ಲ, ಅಲ್ವಾ?"

"ಇಲ್ಲ. ಅದರದು ಪೂರ್ತಿ ತೂಕ."

"ನಿಮಗೆ ಮದ್ವೆ ಆಗೈತಾ ಸಾ?"

ನಂಜುಂಡೇಶರಿಗೆ ಐವತ್ತು ದಾಟಿತ್ತು. ಬಂದ ಜಾತಕಗಳನ್ನೆಲ್ಲ ಅವರು ಆಕ್ಷೇಪಣೆ ಬರೆದು ಹಿಂದಿರುಗಿಸಿದ್ದರು.

ನಟರಾಜುಗೇ ಕನಿಕರ ಹುಟ್ಟಿತು. "ಸಾ, ನಮ್ಮ ಹೊಸ ಹೆಂಡ್ರಿಗೆ ಒಬ್ಬಳು ಅಕ್ಕ ಅವ್ಳೆ. ಈಗ್ಲೇ ಹೂಂ ಅನ್ನಿ, ಒಂದ್ಸಲ ಕಟ್ಟೆ ಹತ್ತುದ್ರೆ ವಸಿಯಾದ್ರೂ ಒಣಗ್ತೀರ."

"ಹೊಣೆ ತಪ್ಪಿಸಿಕೊಳ್ಳಲು ಮದುವೆಯಾಗುವುದು ಹೇಯ," ಎಂದರು ನಂಜುಂಡೇಶ್; ನಟರಾಜುವಿನ ಕಡಿತವನ್ನು ಮಂಜೂರು ಮಾಡಿ, ಆ ಹೊಣೆಯನ್ನು ತಮ್ಮಿಂದಲೇ ವಸೂಲು ಮಾಡುವ ಆದೇಶಕ್ಕೂ ಸಹಿ ಹಾಕಿದರು.

ಮಾರನೆಯ ದಿನ ಚಿನ್ನು ತರಗತಿಯಲ್ಲಿ ಕೂತಳು. ಸಾಲು ನಿಂತವರ ಹೊಣೆಯೂ ಸೇರಿ ನಂಜುಂಡೇಶರಿಗೆ ಈಗ ನಾಲ್ಕು ತಾಲ್ಲೂಕಿನಲ್ಲೂ ಮಕ್ಕಳಿದ್ದಾರೆ; ಪೋಷಕರ ಸಭೆಗಳಿಗೆ ತಪ್ಪದೆ ಹೋಗುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ನಟರಾಜು ಬೀಡಿ ಬಿಸಾಕಿ, ಗೌರವದಿಂದ ಎದ್ದು ನಿಲ್ಲುತ್ತಾನೆ.

"ಚಿನ್ನು ಲೆಕ್ಕದಲ್ಲಿ ಹಿಂದೆ ಬಿದ್ದವ್ಳಂತೆ. ನೀವು ವಸಿ ಗಮನ ಕೊಡ್ಬೇಕು ಸಾ."

"ಕೊಡುತ್ತೇನೆ," ಎನ್ನುತ್ತಾರೆ ನಂಜುಂಡೇಶ್, ತಲೆ ತಗ್ಗಿಸಿ.