ಕರಿ ಟಗರು ಮಾರಿ ಕೊಂಡ ಬಂಗಾರದ ಪಾಸು

ಬೆಲೆಯ ವಿಷಯದಲ್ಲಿ ನನಗೆ ಟೋಪಿ ಹಾಕುವ ವ್ಯಾಪಾರಿ ಇನ್ನೂ ಹುಟ್ಟಿಲ್ಲ ಎಂದು ಕಳೆದ ದಸರೆಯ ತನಕ ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಹೇಳದೆ ಏನು ಮಾಡಲಿ? ತೆಲಂಗಾಣದ ಗದ್ವಾಲದ ಜೂನಿಯರ್ ಕಾಲೇಜಿನಲ್ಲಿ ನಾನು ಕಾಮರ್ಸ್ ಲೆಕ್ಚರರ್. 'ಬೆಲೆ ನಿಗದಿಯ ತಂತ್ರಗಳು' ಎಂಬ ಪಾಠವನ್ನು ಒಂಬತ್ತು ವರ್ಷದಿಂದ ಮಾಡುತ್ತಿದ್ದೇನೆ. ನಮ್ಮ ವಂಶದಲ್ಲಿ ಎಲ್ಲರೂ ಕುರಿಯ ಹಿಂದೆ ಹೋದವರು. ಪುಸ್ತಕದ ಹಿಂದೆ ಹೋದವನು ನಾನೊಬ್ಬನೇ! ನನ್ನ ಎಂ.ಕಾಂ. ಸರ್ಟಿಫಿಕೇಟಿಗೆ ಅಪ್ಪ ಕಟ್ಟು ಹಾಕಿಸಿ, ಗದ್ವಾಲದ ನನ್ನ ಮನೆಯಲ್ಲಿ ಬೀರಪ್ಪ ದೇವರ ಫೋಟೋದ ಪಕ್ಕದಲ್ಲೇ ಮೊಳೆ ಹೊಡೆದು ತೂಗುಹಾಕಿದ್ದಾನೆ. ಹಬ್ಬದ ದಿನ ದೇವರಿಗೆ ಭಂಡಾರ ಹಚ್ಚಿದ ಕೈಯಲ್ಲೇ ಅದಕ್ಕೂ ಹಚ್ಚುತ್ತಾನೆ. ಹಚ್ಚಿ ಹಚ್ಚಿ ಈಗ ನನ್ನ ಹೆಸರು ಅರಿಶಿನದಲ್ಲಿ ಮುಳುಗಿ, 'ದ್ವಿತೀಯ ದರ್ಜೆ' ಎಂಬುದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.

ಅಪ್ಪ ಬೀರಯ್ಯನದು ಮಕ್ತಲ್ ಹತ್ತಿರದ ಊರಿನಲ್ಲಿ ಇನ್ನೂರು ಕುರಿಯ ಮಂದೆ. ಸುಗ್ಗಿ ಮುಗಿಯಿತೆಂದರೆ ಐಜ, ಮಲ್ದಕಲ್ ಕಡೆಯ ರೈತರು ಅವನನ್ನು ಕರೆಸಿ ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ. ಮಂದೆ ಹೊಲದಲ್ಲಿ ತಂಗುತ್ತದೆ, ಬೆಳಗಾಗುವಷ್ಟರಲ್ಲಿ ನೆಲದ ತುಂಬ ಹಿಕ್ಕೆ ಹಾಕಿ, ಗೊಬ್ಬರದ ಚಿಂತೆ ತೀರಿಸಿ ಎದ್ದು ಹೋಗುತ್ತದೆ. ಅದಕ್ಕೆ ರೈತರು ಅಪ್ಪನಿಗೆ ರೊಕ್ಕ ಕೊಡುತ್ತಾರೆ, ಜೋಳ ಕೊಡುತ್ತಾರೆ, ಮೇಲೆ ಚಹಾ ಕೊಡುತ್ತಾರೆ. ಹಿಕ್ಕೆಗೆ ಬೆಲೆ ಕಟ್ಟುವ ಈ ವ್ಯವಹಾರ ನನಗೆ ಸ್ವಲ್ಪ ನಾಚಿಕೆಯದ್ದು. ಕ್ಲಾಸಿನಲ್ಲಿ ಉದಾಹರಣೆಗೆ ಸಾಬೂನು ಹೇಳುತ್ತೇನೆ, ಬಿಸ್ಕತ್ತು ಹೇಳುತ್ತೇನೆ, ಕುರಿ ಹೇಳುವುದಿಲ್ಲ.

ದಸರೆಗೆ ಅಪ್ಪ ಗದ್ವಾಲದ ನಮ್ಮ ಬಾಡಿಗೆ ಮನೆಗೆ ಬಂದು, ಹೆಗಲ ವಸ್ತ್ರದ ಗಂಟು ಬಿಚ್ಚಿ ನನ್ನ ಹೆಂಡತಿ ರಜಿತಾಳ ಕೈಯಲ್ಲಿ ಹನ್ನೆರಡು ಸಾವಿರ ಇಟ್ಟ. "ಕರಿ ಟಗರು ಮಾರೀನಿ, ತಂಗಿ. ಮೋಟರ್ ಇದ್ದ ಮಷೀನ್ ತಗೋ" ಎಂದ.

ರಜಿತಾ ನಾರಾಯಣಪೇಟೆಯವಳು, ಜಂಪರ್ ಹೊಲಿಯುವುದರಲ್ಲಿ ನಿಸ್ಸೀಮಳು. ಆದರೆ ಹಳೆಯ ಮಷೀನ್ ತುಳಿದು ತುಳಿದು ಅವಳ ಮೊಣಕಾಲು ಹೋಗಿತ್ತು. ಎದ್ದರೆ ಕಟಕ್, ಕೂತರೆ ಕಟಕ್. ಆ ರೊಕ್ಕವನ್ನು ಅವಳು ಕಣ್ಣಿಗೊತ್ತಿಕೊಂಡಳು.

ಸರಿಯಾಗಿ ಅದೇ ದಿನ ನನ್ನ ಫೋನಿಗೆ ಜಾಹೀರಾತು ಬಂತು! 'ಜಲತರಂಗ ಲೋಕ'. ಮೂರು ಊರಲ್ಲಿ ಮೂರು ನೀರಿನಾಟದ ಪಾರ್ಕು, ಒಂದೇ ಸೀಸನ್ ಪಾಸು! ಹೈದರಾಬಾದಿನ ಪಾರ್ಕಿಗೆ ಹೋಗಬೇಕೆಂದು ನಮ್ಮ ಐದನೇ ಇಯತ್ತೆಯ ಮಗಳು ಅಖಿಲಾ ವರ್ಷದಿಂದ ಜೀವ ತಿನ್ನುತ್ತಿದ್ದಳು. ಒಂದು ದಿನದ ಟಿಕೆಟು ಸಾವಿರದ ಇನ್ನೂರು. ಕಂಚಿನ ಪಾಸು ಎರಡು ಸಾವಿರದ ನಾನೂರು, ಬೆಳ್ಳಿಯದು ಎರಡು ಸಾವಿರದ ಒಂಬೈನೂರು, ಬಂಗಾರದ್ದು ಮೂರು ಸಾವಿರ.

ನಾನು ಕುರ್ಚಿಯಿಂದ ಎದ್ದು ನಿಂತೆ. "ರಜಿತಾ! ನೂರು ರೂಪಾಯಿಗೆ ಬೆಳ್ಳಿ ಬಂಗಾರ ಆಗಾಕತ್ತೈತಿ!"

"ಬೆಳ್ಳಿ ಯಾಕ ಬೇಕ್ರೀ? ಕೂಸಿಗೆ ಒಮ್ಮೆ ತೋರ್ಸಿದ್ರ ಸಾಕು. ಅಕಿಗೊಂದು, ನಿಮಗೊಂದು ಟಿಕೆಟ್ ತಗೊಂಡು ಹೋಗಿ ಬರ್ರಿ."

"ದಿನದ ಟಿಕೆಟ್ ಓದಿಲ್ಲದವರಿಗೆ! ಮೂರು ಸಲ ಹೋದ್ರ ಪಾಸಿನ ರೊಕ್ಕ ತಿರುಗಿ ಬಂತು. ನಾಲ್ಕನೇ ಸಲದಿಂದ ಬರೇ ಲಾಭ!"

"ನಾಲ್ಕನೇ ಸಲ ಯಾರು ಹೋಗ್ತಾರ್ರೀ?"

ಇದು ಜಗತ್ತಿನ ಯಾವ ಪಠ್ಯಪುಸ್ತಕದಲ್ಲೂ ಇರದ ಪ್ರಶ್ನೆ. ಆದ್ದರಿಂದ ಗೋಡೆಯ ಕಡೆ ಕೈ ಚಾಚಿ ಶಪಥ ಮಾಡಿದೆ: "ಯುಗಾದಿಯೊಳಗ ಈ ಪಾಸಿನಿಂದ ಉಳಿತಾಯ ಮಾಡಿ ನಿನ್ನ ಮಷೀನ್ ತರದಿದ್ರ, ಆ ಸರ್ಟಿಫಿಕೇಟ್ ನಾನೇ ಕೆಳಗ ಇಳಿಸ್ತೀನಿ!"

ಅಪ್ಪ ಸರ್ಟಿಫಿಕೇಟಿಗೆ ಕೈ ಮುಗಿದು, "ಓದಿದಾವ ಹೇಳ್ತಾನಂದ್ರ ಖರೇನ ಇರಬೇಕು, ತಂಗಿ" ಎಂದ. ರಜಿತಾ ಗಂಟನ್ನು ನನ್ನ ಕೈಗಿಟ್ಟಳು. ನಾಲ್ವರಿಗೆ ನಾಲ್ಕು ಬಂಗಾರದ ಪಾಸು! ಕರಿ ಟಗರು ಒಂದೇ ಗುಟುಕಿಗೆ ಫೋನಿನೊಳಗೆ ಹೋಯಿತು.

ಮೊದಲ ದಂಡಯಾತ್ರೆ ದೀಪಾವಳಿಗೆ ಮುಂಚಿನ ಶುಕ್ರವಾರ. ನನ್ನ ತಮ್ಮ ಅಂಜಿಗೆ ಮಂದೆ ಒಪ್ಪಿಸಿ ಅಪ್ಪನೂ ಬಂದ. ರಜಿತಾ ನಸುಕಿನಲ್ಲೆದ್ದು ಇಪ್ಪತ್ತು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಕಟ್ಟಿದ್ದಳು. ಗೇಟಿನವನು ಚೀಲ ಹಿಡಿದು ಮೂಸಿದ. "ಬಯಟಿ ಫುಡ್ ಲೋಪಲಿಕಿ ತೀಸ್ಕೆಳ್ಳಕೂಡದು, ಸಾರ್." ಹೊರಗಿನ ಊಟ ಒಳಗೆ ಒಯ್ಯುವಂತಿಲ್ಲವಂತೆ!

"ನಾವು ಬಂಗಾರದವರು!" ಎಂದೆ ನಾನು ಗತ್ತಿನಿಂದ.

"ಬಂಗಾರದವರಿಗೆ ಒಳಗಡೆ ಊಟದಲ್ಲಿ ಇಪ್ಪತ್ತು ಪರ್ಸೆಂಟ್ ಕಮ್ಮಿ, ಸಾರ್" ಎಂದು ಅವನು ತೆಲುಗಿನಲ್ಲೇ ಸಮಾಧಾನ ಹೇಳಿದ.

ಒಳಗೆ ಒಂದು ಪ್ಲೇಟು ಪುಳಿಯೋಗರೆಯ ಬೆಲೆ ನೋಡಿದಾಗ ನನ್ನ ಕಣ್ಣು ಹಣೆಗೆ ಹೋಯಿತು. ಅದರಲ್ಲಿ ಇಪ್ಪತ್ತು ಪರ್ಸೆಂಟ್ ಕಳೆದಾಗ ಕಣ್ಣು ಹಣೆಯಿಂದ ಹುಬ್ಬಿನ ತನಕ ಮಾತ್ರ ಇಳಿಯಿತು! ನೀರಿಗಿಳಿಯಲು ನೈಲಾನ್ ಬಟ್ಟೆಯೇ ಬೇಕಂತೆ, ಅದಕ್ಕೆ ಬಾಡಿಗೆ. ಕಳಚಿದ ಬಟ್ಟೆ ಇಡಲು ಪೆಟ್ಟಿಗೆ, ಅದಕ್ಕೂ ಬಾಡಿಗೆ. ಬಂಗಾರದವರಿಗೆ ಕಾರು ನಿಲ್ಲಿಸುವುದು ಮಾತ್ರ ಪೂರ್ತಿ ಮಾಫಿ. ನಾವು ಹೋದದ್ದು ಬಸ್ಸಿನಲ್ಲಿ.

ಅಪ್ಪ ಧೋತರ ಬಿಡಲು ಒಪ್ಪಲಿಲ್ಲ. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಒಂದು ಬೆಂಚಿನ ಮೇಲೆ ಇಡೀ ದಿನ ಕೂತ. ಸಂಜೆ ನಾನು ಹಲ್ಲು ಕಟಕಟಿಸುತ್ತಾ ಬಂದಾಗ ಅವನ ಕಣ್ಣು ಇನ್ನೂ ಜನರ ಮೇಲೆಯೇ ಇತ್ತು.

"ಏನು ನೋಡಾಕತ್ತಿ, ಅಪ್ಪ?"

"ಎಷ್ಟು ಮಂದಿ ತರುಬ್ಯಾರಲ್ಲೋ, ರಾಜ್ಯಾ!" ಎಂದ ಮೆಚ್ಚುಗೆಯಿಂದ.

ಹಳ್ಳಿಯ ಮನುಷ್ಯ, ಪಾಪ, ಎಂದುಕೊಂಡೆ.

ಎರಡನೇ ಯಾತ್ರೆ ಸಂಕ್ರಾಂತಿಯ ರಜೆಯ ಭಾನುವಾರ. ಗೇಟಿನಲ್ಲಿ ನಾಲ್ಕು ಪಾಸು ಇಸ್ಪೀಟಿನ ಎಲೆಯಂತೆ ಹರಡಿದೆ. ಗೇಟಿನವನು ತಲೆ ಅಲ್ಲಾಡಿಸಿದ. "ಈರೋಜು ಗೋಲ್ಡ್ ಚೆಲ್ಲದು, ಸಾರ್."

ಫೋನು ತೆಗೆದು, ನಿಯಮಗಳ ತಳಕ್ಕೆ ಹೋಗಿ, ಎರಡು ಬೆರಳಿನಿಂದ ಅಕ್ಷರವನ್ನು ಎಳೆದೆಳೆದು ದೊಡ್ಡದು ಮಾಡಿದೆ. ಇರುವೆಯ ಕಾಲಿಗಿಂತ ಸಣ್ಣ ಅಕ್ಷರದಲ್ಲಿತ್ತು: ಭಾನುವಾರ, ಹಬ್ಬ, ಶಾಲೆಯ ರಜಾ ದಿನಗಳಲ್ಲಿ ಪಾಸು ನಡೆಯುವುದಿಲ್ಲ, ಬೇಕಾದರೆ ತಲೆಗೆ ಆರುನೂರು ಹೆಚ್ಚಿಗೆ ಕೊಟ್ಟು ಹೋಗಬಹುದು. ಅಂದರೆ ಮಕ್ಕಳಿಗೆ ಬಿಡುವಿರುವ ದಿನ ಪಾಸಿಗೂ ಬಿಡುವು! ತೆಲುಗಿನಲ್ಲಿ ಚೆಲ್ಲದು ಎಂದರೆ ನಡೆಯದು. ಪಾಸು ತೆಲುಗಿನಲ್ಲಿ ಚೆಲ್ಲಲಿಲ್ಲ. ನನ್ನ ಮಾನ ಅಪ್ಪಟ ಕನ್ನಡದಲ್ಲಿ ಚೆಲ್ಲಿಹೋಯಿತು.

ಅಖಿಲಾ ಗೇಟಿನ ಕಂಬಿ ಹಿಡಿದು ಅಳಲು ಶುರು ಮಾಡಿದಳು. ರಜಿತಾ ಕೂತಲ್ಲಿಂದ ಎದ್ದಳು, ಅಷ್ಟೆ. ಮೊಣಕಾಲು 'ಕಟಕ್' ಎಂದಿತು. ನಾಲ್ಕು ತಲೆಗೆ ಎರಡು ಸಾವಿರದ ನಾನೂರು ತೆತ್ತು ಒಳಗೆ ಹೋದೆವು. ಅಪ್ಪ ಅದೇ ಬೆಂಚಿಗೆ ಹೋಗಿ ಕೂತ. ಬೆಂಚಿನ ಮೇಲೆ ಕೂರಲು ಆರುನೂರು ರೂಪಾಯಿ!

ಇನ್ನು ಉಳಿದದ್ದು ಮೂರನೇ ಸಲ. ಮೂರು ಸಲ ಆಗದೆ ಪಾಸಿನ ರೊಕ್ಕ ಹುಟ್ಟುವುದಿಲ್ಲ, ಕೆಲಸದ ದಿನ ಬಿಟ್ಟು ಪಾಸು ನಡೆಯುವುದಿಲ್ಲ, ಕಾಲೇಜಿನಲ್ಲಿ ನನ್ನ ರಜೆ ಮುಗಿದಿದೆ. ಫೆಬ್ರವರಿಯ ಒಂದು ಬುಧವಾರ, ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ, ಪ್ರಿನ್ಸಿಪಾಲ್ ಮಹಾಂತಮ್ಮ ಮೇಡಂ ಅವರಿಗೆ ನೂರಾ ಮೂರು ಡಿಗ್ರಿ ಜ್ವರ ಎಂದು ಸಂದೇಶ ಕಳಿಸಿದೆ. ನನ್ನ ಹತ್ತಿರ ಇದ್ದ ಡಿಗ್ರಿ ಎರಡೇ. ಉಳಿದ ನೂರಾ ಒಂದು ಶುದ್ಧ ಸುಳ್ಳು.

ಅಖಿಲಾಳ ಶಾಲೆ ತಪ್ಪಿಸಿ ನಾಲ್ವರೂ ಹೋದೆವು. ನಾನು ಎತ್ತರದ ಜಾರುಬಂಡಿಯಿಂದ ಜಾರುವಾಗ ಫಳ್ ಎಂದು ಬೆಳಕು ಬಿತ್ತು. ಮಿಂಚು ಎಂದುಕೊಂಡೆ. ಅದು ಕ್ಯಾಮೆರಾ! ಮರುದಿನ ಸ್ಟಾಫ್ ರೂಮಿಗೆ ಕಾಲಿಟ್ಟರೆ, ಮೇಡಂ ತಮ್ಮ ಫೋನನ್ನು ನನ್ನ ಕಡೆ ತಿರುಗಿಸಿದರು. ಪಾರ್ಕಿನವರ ಜಾಹೀರಾತು. 'ನಮ್ಮ ಬಂಗಾರದ ಬಳಗ!' ಎಂಬ ಸಾಲಿನ ಕೆಳಗೆ ನಾನು! ಬಾಯಿ ಬಾವಿಯಷ್ಟು ಅಗಲ, ಎರಡೂ ಕಾಲು ಆಕಾಶಕ್ಕೆ, ಮೈಮೇಲೆ ಬಾಡಿಗೆಯ ಹಳದಿ ಚಡ್ಡಿ.

"ಜ್ವರ ಇಳೀತೇನ್ರೀ, ರಾಜಕುಮಾರ್ ಸರ್?" ಮೇಡಂ ತಣ್ಣಗೆ ಕೇಳಿದರು. "ನೀರಾಗ ಇಳಿದ್ರ ಜ್ವರಾನೂ ಇಳೀತದ ಅಂತ ನಮಗ ಗೊತ್ತಿರ್ಲಿಲ್ಲ."

ಆ ದಿನದ ಪಗಾರವೂ ಇಳಿಯಿತು.

ಇರಲಿ! ಸಾಧಿಸಿದೆನಲ್ಲ! ಊರಿಂದ ಅಪ್ಪ ಬಂದಿದ್ದ ಒಂದು ಬೆಳಿಗ್ಗೆ ಎಲ್ಲರನ್ನೂ ಕೂರಿಸಿ, ಅಖಿಲಾಳ ಹಲಗೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದು ಭಾಷಣ ಮಾಡಿದೆ. "ಮೂರು ಸಲ ಟಿಕೆಟ್ ತಗೊಂಡಿದ್ರ ತಲೆಗೆ ಮೂರು ಸಾವಿರದ ಆರುನೂರು. ನಾವು ಕೊಟ್ಟಿದ್ದು ಮೂರು ಸಾವಿರ. ನಾಲ್ಕು ಜನಕ್ಕ ಎರಡು ಸಾವಿರದ ನಾನೂರು ಉಳಿತಾಯ!"

ರಜಿತಾ ಅಂಗೈ ಚಾಚಿದಳು. "ಕೊಡ್ರಿ."

"ಏನು?"

"ಉಳಿದದ್ದು. ಮಷೀನಿಗೆ ಮುಂಗಡ ಕೊಟ್ಟು ಬರ್ತೀನಿ."

"ಅದು... ಉಳಿತಾಯ, ರಜಿತಾ. ಕೈಗೆ ಸಿಗೂದಲ್ಲ."

"ಕೈಗೆ ಸಿಗದಿದ್ರ ಉಳೀತು ಅಂತ ಹೆಂಗ ಗೊತ್ತಾತು? ಆವತ್ತು ಭಾನುವಾರ ಗೇಟಿನಾಗ ಕೊಟ್ಟಿದ್ದು ಎಷ್ಟು?"

"ಎರಡು ಸಾವಿರದ ನಾನೂರು" ಎಂದಳು ಅಖಿಲಾ, ಹಲಗೆಯಿಂದ ಉಳಿತಾಯವನ್ನು ಅಂಗೈಯಲ್ಲೇ ಒರೆಸುತ್ತಾ.

ಬಸ್ಸು, ಪುಳಿಯೋಗರೆ, ಚಡ್ಡಿಯ ಬಾಡಿಗೆ, ಪಗಾರ ಎಲ್ಲ ಒಂದರ ಹಿಂದೊಂದು ನನ್ನ ಕಣ್ಣ ಮುಂದೆ ಮೆರವಣಿಗೆ ಹೊರಟವು.

ಅದೇ ಗಳಿಗೆಗೆ ಫೋನು ಕಿಣಿ ಎಂದಿತು. 'ಮಾರ್ಚಿಗೆ ಸೀಸನ್ ಮುಗಿಯುತ್ತಿದೆ. ತಾವು ಬೇಡ ಎನ್ನದ ಕಾರಣ ನಾಲ್ಕೂ ಪಾಸು ಮುಂದಿನ ಸೀಸನ್ನಿಗೆ ತಾನಾಗಿ ಮುಂದುವರಿಯುತ್ತಿವೆ.' ಹಿಂದೆಯೇ ಬ್ಯಾಂಕಿನ ಸಂದೇಶ: 'ಖಾತೆಯಲ್ಲಿ ಸಾಕಷ್ಟು ಹಣವಿಲ್ಲದೆ ಪಾವತಿ ವಿಫಲ.' ಅಬ್ಬಾ! ಜೀವನದಲ್ಲಿ ಮೊದಲ ಸಲ ನನ್ನ ಬಡತನ ನನ್ನ ಪ್ರಾಣ ಉಳಿಸಿತು! ರಜಿತಾ ಫೋನು ಕಸಿದುಕೊಂಡು 'ಬೇಡ' ಎಂಬುದನ್ನು ಹುಡುಕಿ ಹುಡುಕಿ ಒತ್ತಿದಳು.

ಆಗ ಅಪ್ಪ ಕಂಬಳಿ ಸರಿಮಾಡಿಕೊಂಡು ಬಾಯಿ ಬಿಟ್ಟ. "ನಾ ಬೆಂಚಿನ ಮ್ಯಾಲ ಕುಂತು ನೋಡೀನಿ, ರಾಜ್ಯಾ. ಹೊಲದವ್ರು ನನ್ನ ಕುರಿ ಯಾಕ ಕರೀತಾರ? ಕುರಿ ಮ್ಯಾಲಿನ ಪ್ರೀತಿಗೇನು? ಹಿಕ್ಕಿ ಬಿಟ್ಟು ಹೋಗ್ತಾವಂತ. ಅವ್ರೂ ಹಂಗ. ಒಳಗ ಬರಾಕ ಅಗ್ಗ ಮಾಡ್ಯಾರ. ಬಂದವ್ರು ಊಟಕ್ಕಿಷ್ಟು, ಚಡ್ಡಿಗಿಷ್ಟು ಅಲ್ಲಲ್ಲೇ ಬಿಟ್ಟು ಹೋಗ್ತಾರ. ಸಲ ಹೆಚ್ಚಾದಂಗ ಗೊಬ್ಬರ ಹೆಚ್ಚು."

ಒಂಬತ್ತು ವರ್ಷದ ನನ್ನ ಪಾಠ ಎರಡು ಉಸಿರಿನಲ್ಲಿ ಮುಗಿಯಿತು!

"ಆದ್ರ ಒಂದು ಮಾತು" ಎಂದು ಅಪ್ಪ ಮುಂದುವರಿಸಿದ. "ನನ್ನ ಕುರಿ ತರುಬಿದ್ರ ಹೊಲದವ್ರು ನನಗ ರೊಕ್ಕ ಕೊಡ್ತಾರ. ನೀ ಹಿಕ್ಕೀನೂ ಹಾಕಿ, ರೊಕ್ಕಾನೂ ಕೊಟ್ಟು ಬಂದೀಯಲ್ಲೋ! ನನ್ನ ಮಂದ್ಯಾಗ ಇಂಥಾ ಕುರಿ ಒಂದೂ ಇಲ್ಲ."

ರಜಿತಾ ಸೆರಗು ಬಾಯಿಗೊತ್ತಿಕೊಂಡು ನಕ್ಕಳು, ನಗುತ್ತಾ ಎದ್ದಳು, ಮೊಣಕಾಲು 'ಕಟಕ್' ಎಂದಿತು. ಆ ಸದ್ದಿನ ಮುಂದೆ ನನಗೆ ನಗು ಬರಲಿಲ್ಲ. ಸ್ಟೂಲು ಎಳೆದು, ಹತ್ತಿ, ಗೋಡೆಯ ಮೇಲಿನ ಎಂ.ಕಾಂ.ಗೆ ಕೈ ಹಾಕಿದೆ.

"ಏ, ಇಳೀ ಕೆಳಗ!" ಎಂದು ಅಪ್ಪ ಗದರಿದ. "ಯುಗಾದಿಗೆ ಇನ್ನೂ ಹತ್ತು ದಿನ ಐತಿ. ಅದರ ಕೆಲಸ ಬಾಕಿ ಐತಿ."

ಏನು ಕೆಲಸ ಎಂದು ನಾಲ್ಕನೇ ದಿನ ಗೊತ್ತಾಯಿತು. ಬೆಳಿಗ್ಗೆ ಬಾಗಿಲಲ್ಲಿ ಮೋಟಾರ್ ಸೈಕಲ್ ನಿಂತಿತು. ಐಜದ ರೈತ ಉರುಕುಂದಪ್ಪ ಮುಂದೆ, ಅಪ್ಪ ಹಿಂದೆ. ಉರುಕುಂದಪ್ಪನ ಮುಖದಲ್ಲಿ ಬೆಳಕೋ ಬೆಳಕು!

"ಲೆಕ್ಚರರ್ ಸಾಬ್, ನಿಮ್ಮಪ್ಪ ಭಾರೀ ಮನುಷ್ಯ! ಮೂರು ರಾತ್ರಿ ತರುಬೋ ರೊಕ್ಕ ಮೊದಲ ಕೊಟ್ರ, ಇಡೀ ಸೀಸನ್ ಯಾವಾಗ ಕರೆದ್ರೂ ಕುರಿಮಂದಿ ತಂದು ತರುಬ್ತಾನಂತ! ನಾಲ್ಕನೇ ಸಲದಿಂದ ನನಗ ಬರೇ ಲಾಭ!"

ಈ ಮಾತನ್ನು ನಾನು ಎಲ್ಲೋ ಕೇಳಿದ್ದೆ. ಕೇಳುವುದೇನು, ಇದೇ ಮನೆಯಲ್ಲಿ ನಾನೇ ಆಡಿದ್ದೆ!

"ಐಜದಾಗ ಇನ್ನಿಬ್ಬರು ಕೊಟ್ಟಾರ" ಎಂದು ಅಪ್ಪ ಗಂಟು ಬಿಚ್ಚಿ ರಜಿತಾಳ ಕೈಗಿಟ್ಟ. "ಹನ್ನೆರಡು ಸಾವಿರ, ತಂಗಿ. ಹೋಗು, ಮೋಟರ್ ಇದ್ದದ್ದ ತಗೋ. ಈ ಸಲ ಇವನ ಕೈಗೆ ಕೊಡಬ್ಯಾಡ."

ಉರುಕುಂದಪ್ಪ ಚಹಾ ಕುಡಿಯುತ್ತಾ ಅಂಗಳದಲ್ಲಿ ಕೂತಾಗ, ಅಪ್ಪ ನನ್ನನ್ನು ಮೆಲ್ಲಗೆ ಒಳಗೆ ಕರೆದ. ಸರ್ಟಿಫಿಕೇಟಿನ ಕೆಳಗೆ ಕೂರಿಸಿ, ಕೈಗೆ ಬಿಳಿ ಹಾಳೆ ಕೊಟ್ಟ.

"ಚೀಟಿ ಬರಿ. ನಮ್ಮ ಮನ್ಯಾಗ ಓದಿದಾವ ನೀನೊಬ್ಬನ. ಮ್ಯಾಲ 'ಬಂಗಾರದ ಪಾಸು' ಅಂತ ದಪ್ಪಗ."

ಬರೆದೆ.

"ಈಗ ಕೆಳಗ ಬರಿ. ಅಮಾಸಿ, ಹುಣ್ಣಿಮಿ, ಹಬ್ಬ, ಮಳಿ ಬಂದ ದಿನ, ಕುರಿಮಂದಿ ಮಲ್ದಕಲ್ ಕಡಿ ಇದ್ದ ದಿನ ನಡೆಯಂಗಿಲ್ಲ. ಬ್ಯಾಡ ಅನ್ನೋತನಕ ಮುಂದಿನ ವರ್ಷಕ್ಕೂ ನಡೀತದ."

ನಾನು ಬೆವರುತ್ತಾ, ಒಂದಕ್ಷರ ಬಿಡದೆ ಬರೆದು ಅವನ ಮುಂದೆ ಹಿಡಿದೆ. ಓದಲು ಬಾರದ ಅಪ್ಪ ಹಾಳೆಯನ್ನು ಕಣ್ಣಿನ ಹತ್ತಿರ ತಂದ, ದೂರ ಒಯ್ದ, ಮತ್ತೆ ಹತ್ತಿರ ತಂದು ಅಸಮಾಧಾನದಿಂದ ತಲೆ ಅಲ್ಲಾಡಿಸಿದ.

"ಎಂ.ಕಾಂ. ಮಾಡೀಯಂತ, ಇಷ್ಟೂ ತಿಳಿಯಂಗಿಲ್ಲೇನೋ? ಇನ್ನೂ ಸಣ್ಣಗ ಬರಿ!"