ಗಡಿಯಾರದ ರಾಯರು ಎಂಜಿನ್ ಪರೀಕ್ಷಿಸಿದ್ದು

“ಕಡಲೆಕಾಳಿನಷ್ಟು ವಾಚಿನ ಹೊಟ್ಟೆ ಬಗೆದು ಜೀವ ತುಂಬಿದ ಕೈ ಇದು! ದೋಣಿಯ ಡೀಸೆಲ್ ಎಂಜಿನ್ ಯಾವ ಲೆಕ್ಕ?” ಎಂದು ಗಡಿಯಾರ ರಿಪೇರಿಯ ರಾಯರು ಮೀಸೆ ತಿರುವಿದರು.

ಹೆಂಡತಿಗೆ ನಗು ಬರಲಿಲ್ಲ. ಆಕೆಯ ಬೇಕರಿಯ ಬ್ರೆಡ್ಡೆಲ್ಲ ನದಿಯಾಚೆಯ ಅಂಗಡಿಗಳಿಗೆ ಹೋಗಬೇಕು. ಸಾಗಿಸುತ್ತಿದ್ದ ಬಾಡಿಗೆ ದೋಣಿಯವನು ಕೈಯೆತ್ತಿಬಿಟ್ಟಿದ್ದ. ಸೋಮವಾರದೊಳಗೆ ಸ್ವಂತ ದೋಣಿ ಸಿಗದಿದ್ದರೆ ಬೇಕರಿಯ ಬಾಗಿಲು ಮುಚ್ಚಿದಂತೆಯೇ. ಇಡೀ ದಂಡೆಯಲ್ಲಿ ಮಾರಾಟಕ್ಕಿದ್ದದ್ದು ಒಂದೇ ಒಂದು ಹಳೆಯ ದೋಣಿ.

“ಒಬ್ಬ ಮೆಕ್ಯಾನಿಕ್‌ನ ಕರ್ಕೊಂಡು ಹೋಗೋಣ ಅಂದ್ರೆ ಕೇಳಲ್ಲ ನೀವು!”

“ಮನೇಲೇ ವೈದ್ಯ ಇರುವಾಗ ಬೀದೀಲಿ ಹೋಗೋನಿಗೆ ಯಾಕೆ ನಾಡಿ ತೋರಿಸ್ತೀಯ?”

ದೋಣಿಯ ಒಡತಿ ಒಬ್ಬ ಮುದುಕಿ, ನಲವತ್ತು ವರ್ಷ ತಾನೇ ಅದನ್ನು ನಡೆಸಿದವಳು. ಎಂಜಿನ್ನಿನ ಗುಂಡಿಯ ಮುಚ್ಚಳ ತೆಗೆದು ಕೈಕಟ್ಟಿ ನಿಂತಳು. ರಾಯರು ಒಂದು ಕಣ್ಣಿಗೆ ವಾಚಿನ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗಿಳಿದರು. ಎಂಜಿನ್ ಮುಟ್ಟಿ, “ತಣ್ಣಗಿದೆ! ಸಲೀಸಾಗಿ ಸ್ಟಾರ್ಟ್ ಆಗಲಿ ಅಂತ ಮೊದಲೇ ಬಿಸಿಮಾಡಿಟ್ಟು ಮೋಸ ಮಾಡಿಲ್ಲ!” ಎಂದು ಘೋಷಿಸಿದರು. ಆಯಿಲ್ ಅಳೆಯುವ ಕಡ್ಡಿ ಎಳೆದು ಮೂಸಿದರು. ಅಲ್ಲಿಗೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಸಡಿಲವಾದದ್ದೇನು ಕಂಡರೂ ಕೈ ತುರಿಸುವುದು ಅವರ ಮೂವತ್ತು ವರ್ಷದ ಕಸುಬಿನ ರೋಗ. ಮೂಲೆಯಲ್ಲೊಂದು ನಲ್ಲಿಯ ಹಿಡಿ ಲೊಡಲೊಡ ಅಲುಗಾಡುತ್ತಿತ್ತು. ಬಲಕ್ಕೆ ತಿರುಗಿಸಿ ತಿರುಗಿಸಿ ಬಿಗಿ ಮಾಡಿಯೇಬಿಟ್ಟರು!

“ಹಾಂ, ಈಗ ಸ್ಟಾರ್ಟ್ ಮಾಡಿ!”

ಎಂಜಿನ್ ಒಂದೇ ಏಟಿಗೆ ಎದ್ದಿತು. ಮೇಲೆ ಬಂದ ರಾಯರು ಹೊಗೆಶಾಸ್ತ್ರದ ಉಪನ್ಯಾಸ ಹಿಡಿದರು. ಕಪ್ಪಾದರೆ ಗಾಳಿ ಸಾಲದು, ನೀಲಿಯಾದರೆ ಆಯಿಲ್ ಸುಡುತ್ತಿದೆ… ಹೀಗೆ ಹತ್ತು ನಿಮಿಷ.

“ರೀ, ಏನೋ ರಬ್ಬರ್ ಸುಟ್ಟ ವಾಸನೆ!”

“ಬ್ರೆಡ್ ಸೀದದ್ದು ಬಿಟ್ರೆ ನಿನಗೆ ಇನ್ಯಾವ ವಾಸನೆ ಗೊತ್ತು? ಸುಮ್ನಿರು. ಇನ್ನು ಬಿಳಿ ಹೊಗೆ ಬಂದರೆ…”

ಬಂತು! ಗುಂಡಿಯಿಂದಲೇ ಬುಸ್ಸೆಂದು ಬಂತು. ಮುದುಕಿ ಎಂಜಿನ್ ಆರಿಸಿ, ಕೆಳಗೆ ಬಗ್ಗಿ ನೋಡಿ ಕಿರುಚಿದಳು. “ಈ ನಲ್ಲಿ ಮುಚ್ಚಿದ್ದು ಯಾರು? ಎಂಜಿನ್ ತಣ್ಣಗಿಡೋ ನೀರು ನದಿಯಿಂದ ಬರೋದೇ ಇದರಲ್ಲಿ!”

“ಸಡಿಲ ಇತ್ತು… ಸ್ವಲ್ಪ ಬಿಗಿ ಮಾಡಿದೆ.”

“ಇಳೀರಿ ಕೆಳಗೆ! ನಿಮಗೆ ನನ್ನ ದೋಣಿ ಕೊಡಲ್ಲ!”

ಹೆಂಡತಿ ಮುಂದೆ ಬಂದಳು. ಸೋಮವಾರ, ಬೇಕರಿ, ಎಲ್ಲ ಹೇಳಿಕೊಂಡು ಮುದುಕಿಯ ಕೈ ಹಿಡಿದಳು. ಮುದುಕಿ ಗುಂಡಿಗಿಳಿದಳು. ನಲ್ಲಿ ತೆರೆದು, ಎಂಜಿನ್ ತಣ್ಣಗಾಗುವವರೆಗೆ ಕಾದು ಮತ್ತೆ ಸ್ಟಾರ್ಟ್ ಮಾಡಿದಳು. ಪುಣ್ಯಕ್ಕೆ ಅದು ಬದುಕಿತ್ತು.

“ನಿನಗಾದ್ರೆ ಕೊಡ್ತೀನಿ ಮಗಳೇ. ಆದ್ರೆ ಈ ಮುಚ್ಚಳದ ಹತ್ತಿರ ಇವರು ಸುಳೀಬಾರದು.”

“ಸುಳಿದ್ರೆ ನಾನೇ ನೀರಿಗೆ ತಳ್ತೀನಿ!”

ವ್ಯಾಪಾರ ಕುದುರಿತು. ಮಸಿ ಮೆತ್ತಿದ ಮುಖದಲ್ಲಿ ಇನ್ನೂ ಭೂತಗನ್ನಡಿ ಸಿಕ್ಕಿಸಿಕೊಂಡೇ ನಿಂತಿದ್ದ ರಾಯರನ್ನು ಮುದುಕಿ ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅಲ್ಲ ಮಗಳೇ, ಇವರನ್ನ ಒಪ್ಪೋ ಮುಂಚೆ ನೀನು ಏನೂ ಪರೀಕ್ಷೆ ಮಾಡ್ಲಿಲ್ವಾ?”

“ಫೋಟೋ ನೋಡಿ ಒಪ್ಕೊಂಡ್ಬಿಟ್ಟೆ ಅಜ್ಜಿ. ಅದರಲ್ಲಿ ಬಾಯಿ ಮುಚ್ಕೊಂಡಿದ್ರು!”